ಆರು ಜನ, ತೋಟದ ದಾರಿ, ಸಂಪಾಜೆ ಘಾಟಿ: ದೊಡ್ಡ ಹೈಬ್ರಿಡ್ ಗಾಡಿ ಕೊಡಗಿಗೆ ಒಗ್ಗುತ್ತಾ?

ಸಿದ್ದಾಪುರ_ತೋಟ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ, ಅದರಲ್ಲಿ ಇಬ್ಬರು ವಯಸ್ಸಾದವರು. ಹಳೇ ಡೀಸೆಲ್ ಗಾಡಿ ಕೊಟ್ಟು ಹೊಸದು ತಗೋಬೇಕು. ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡೋ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರ್), ಕ್ರಿಸ್ಟಾ ಡೀಸೆಲ್ಲೋ ಅನ್ನೋದರಲ್ಲಿ ಬಂದು ನಿಂತಿದೆ. ತಿಂಗಳಿಗೆ ಸುಮಾರು 1,400 ಕಿ.ಮೀ. ಓಡಾಟ. ಅರ್ಧದಷ್ಟು ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಏರಿಳಿತದ ರಸ್ತೆ. ಎರಡು ಸಲ ಮಡಿಕೇರಿ ಮೇಲಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು. ಉಳಿದದ್ದು ಮೈಸೂರು.

ಮನೆಗೆ ಟಾರು ರಸ್ತೆಯಿಂದ 600 ಮೀಟರ್ ಮಣ್ಣಿನ ದಾರಿ. ಕೊನೆಯ 40 ಮೀಟರ್ ಚೂಪು ಏರು, ಮೇಲೆ ತಿರುಗಿಸಲು ಜಾಗ ಇಲ್ಲ, ಹಾಗಾಗಿ ಕೆಳಗೇ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಬೇಕು.

ಕೇಳಬೇಕಾದ್ದು ಇಷ್ಟು. ಹೈಬ್ರಿಡ್ ಲೀಟರಿಗೆ 23.24 ಕಿ.ಮೀ. ಕೊಡುತ್ತೆ ಅಂತ ಕಂಪನಿ ಹೇಳುತ್ತೆ, ಇಲ್ಲಿ ಎಷ್ಟು ನಿರೀಕ್ಷಿಸಬಹುದು? ಘಾಟಿ ಇಳಿಯುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತೆ, ಆದ್ದರಿಂದ ಮಲೆನಾಡಿಗೆ ಹೈಬ್ರಿಡ್ಡೇ ಸರಿ ಅನ್ನುವ ಮಾತು ಎಷ್ಟು ನಿಜ? ಮಳೆಗಾಲದಲ್ಲಿ ಎರಡು ಮೂರು ವಾರ ನಿಲ್ಲಿಸಿಬಿಟ್ಟರೆ ಏನಾದರೂ ತೊಂದರೆ ಇದೆಯಾ?

---

ಘಾಟಿ_ಲೆಕ್ಕ

ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತೆ ಅನ್ನೋದು ನಿಜ. ಆದರೆ ಆ ಬ್ಯಾಟರಿ ಎಷ್ಟು ಚಿಕ್ಕದು ಅಂತ ಯಾರೂ ಹೇಳುವುದಿಲ್ಲ, ಇಡೀ ವಿಷಯ ಅಲ್ಲೇ ಇರೋದು. ಹೈಕ್ರಾಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಒಂದೂವರೆ ಕಿಲೋವ್ಯಾಟ್ ಅವರ್ (ಕರೆಂಟ್ ಬಿಲ್ಲಿನ ಯೂನಿಟ್) ಆಸುಪಾಸು. ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಅದನ್ನು ಪೂರ್ತಿ ಖಾಲಿಯೂ ಮಾಡಲ್ಲ, ಪೂರ್ತಿ ತುಂಬಿಸುವುದೂ ಇಲ್ಲ. ಕೈಗೆ ಸಿಗುವುದು ಸುಮಾರು 0.6 ಯೂನಿಟ್.

ಈಗ ಸಂಪಾಜೆ ಘಾಟಿ ನೋಡಿ. ಆರು ಜನ ಕೂತರೆ ಗಾಡಿ ತೂಕ ಹತ್ತಿರ ಹತ್ತಿರ 2,100 ಕೆ.ಜಿ. ಮಡಿಕೇರಿಯಿಂದ ಸಂಪಾಜೆಗೆ 27 ಕಿ.ಮೀ., ಇಳಿತ ಒಂದು ಸಾವಿರ ಮೀಟರ್ ಅಂತ ಇಟ್ಕೊಳ್ಳಿ. 2,100 × 9.8 × 1,000 ಅಂದರೆ 20.6 ಮೆಗಾಜೂಲ್, ಅಂದರೆ 5.7 ಯೂನಿಟ್ ಶಕ್ತಿ. ಇದರಲ್ಲಿ ಟೈರು ತಿನ್ನುವುದು 1.8, ಗಾಳಿ ತಿನ್ನುವುದು 40ರ ವೇಗದಲ್ಲಿ ಸುಮಾರು ಅರ್ಧ ಯೂನಿಟ್. ಮೂರು ಯೂನಿಟ್‌ಗಿಂತ ಹೆಚ್ಚು ಉಳಿಯಿತು. ತುಂಬಿಕೊಳ್ಳಲು ಜಾಗ ಇರುವುದು 0.6, ಅದೂ ಬ್ಯಾಟರಿ ಕೆಳಮಟ್ಟದಲ್ಲಿದ್ದರೆ. ಮದೆನಾಡು ದಾಟುವ ಹೊತ್ತಿಗೇ ಬ್ಯಾಟರಿ ತುಂಬಿರುತ್ತೆ. ಜೋಡುಪಾಲ, ಕೊಯನಾಡು, ಅಲ್ಲಿಂದ ಸಂಪಾಜೆವರೆಗೆ ಉಳಿದ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿಯೋ ಎಂಜಿನ್ ಸದ್ದಾಗಿಯೋ ಹೋಗುತ್ತೆ.

ಹತ್ತುವಾಗ ಇದೇ ಲೆಕ್ಕ ತಿರುಗಿಸಿ. ಚಕ್ರಕ್ಕೆ ಬೇಕಾದ್ದು 5.7ಕ್ಕೆ ಟೈರು, ಗಾಳಿಯ 2.3 ಸೇರಿ 8 ಯೂನಿಟ್. ಈ 2 ಲೀಟರ್ ಎಂಜಿನ್ನಿನ ಉಷ್ಣದಕ್ಷತೆ ಗರಿಷ್ಠ 41 ಪರ್ಸೆಂಟ್ ಅಂತ ಟೊಯೋಟಾ ಹೇಳುತ್ತೆ. ಗೇರ್, ಮೋಟಾರುಗಳ ನಷ್ಟ ಕಳೆದು ಚಕ್ರಕ್ಕೆ 36 ಸಿಕ್ಕಿತು ಅನ್ನಿ. ಇ20 ಪೆಟ್ರೋಲ್ ಒಂದು ಲೀಟರಿನಲ್ಲಿ 8.3 ಯೂನಿಟ್ ಇರುತ್ತೆ. 8 ಭಾಗಿಸು 0.36, ಭಾಗಿಸು 8.3: ಸುಮಾರು 2.7 ಲೀಟರ್. 27 ಕಿ.ಮೀ.ಗೆ 2.7 ಲೀಟರ್, ಅಂದರೆ ಲೀಟರಿಗೆ 10.

ಕ್ರಿಸ್ಟಾಗೂ ಹಾಕಿ ನೋಡೋಣ. ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ, ತೂಕ ಹೆಚ್ಚು, ಆರು ಜನ ಸೇರಿ 2,300 ಅನ್ನಿ. ಚಕ್ರಕ್ಕೆ 8.9 ಯೂನಿಟ್ ಬೇಕು. ಲೀಟರ್ ಡೀಸೆಲ್‌ನಲ್ಲಿ 10 ಯೂನಿಟ್, ದಕ್ಷತೆ 33 ಹಿಡಿದರೆ ಅದಕ್ಕೂ 2.7 ಲೀಟರೇ. ಇಳಿಯುವಾಗ ಎರಡೂ ಎಣ್ಣೆ ಕುಡಿಯಲ್ಲ, ಡೀಸೆಲ್ಲೂ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಬಂದ್ ಮಾಡುತ್ತೆ. ಉದ್ದ ಘಾಟಿಯಲ್ಲಿ ಹೈಬ್ರಿಡ್‌ಗೆ ಹೆಚ್ಚಿಗೆ ಸಿಗುವುದು ಆ 0.6 ಯೂನಿಟ್ ಮಾತ್ರ, ಪೆಟ್ರೋಲ್ ಲೆಕ್ಕದಲ್ಲಿ 200 ಮಿ.ಲೀ. ಅಷ್ಟೇ.

ಹಾಗಾದರೆ ಲಾಭ ಎಲ್ಲಿ? ನಿಮ್ಮ ಸಿದ್ದಾಪುರ, ವಿರಾಜಪೇಟೆ, ಗೋಣಿಕೊಪ್ಪ ರಸ್ತೆಯಲ್ಲಿ. 0.6 ಯೂನಿಟ್ ಅಂದರೆ ಇದೇ ಗಾಡಿಯನ್ನು ನೂರು ಮೀಟರ್ ಎತ್ತಲು ಬೇಕಾದ ಶಕ್ತಿ. ಅಲ್ಲಿ ರಸ್ತೆ ಹೊಳೆಗೆ ಇಳಿಯುತ್ತೆ, ತೋಟಕ್ಕೆ ಹತ್ತುತ್ತೆ, ಮತ್ತೆ ಇಳಿಯುತ್ತೆ. ಒಂದೊಂದು ಇಳಿತ ಮೂವತ್ತು, ಐವತ್ತು ಮೀಟರ್. ಬ್ಯಾಟರಿಯ ಅಳತೆಗೆ ಹೇಳಿ ಮಾಡಿಸಿದ ರಸ್ತೆ ಅದು. ಇಳಿತದಲ್ಲಿ ಸಿಕ್ಕಿದ್ದು ಎದುರಿನ ಏರಿಗೇ ಖರ್ಚಾಗುತ್ತೆ. ತಿರುವಿನ ಮುಂಚೆ ಬ್ರೇಕ್ ಹಾಕಿದಾಗ ಬಿಸಿಯಾಗಿ ಹೋಗುತ್ತಿದ್ದದ್ದು ತಿರುವು ಮುಗಿದ ಮೇಲೆ ವಾಪಸ್ ಸಿಗುತ್ತೆ. ಗಂಟೆಗೆ 30–50ರ ವೇಗದಲ್ಲಿ ಎಂಜಿನ್ ಅರ್ಧಕ್ಕರ್ಧ ಹೊತ್ತು ಆಫ್ ಇರಬಹುದು. ಡೀಸೆಲ್‌ಗೆ ಈ ಯಾವ ಸೌಕರ್ಯವೂ ಇಲ್ಲ.

23.24 ಅನ್ನೋದು ಲ್ಯಾಬಿನ ರೋಲರ್ ಮೇಲೆ ಬಂದ ಸಂಖ್ಯೆ. ಏರಿಲ್ಲ, ಆರು ಜನ ಇಲ್ಲ, ಎಸಿ ಇಲ್ಲ. ನಿಮ್ಮ ಓಡಾಟಕ್ಕೆ ನನ್ನ ಅಂದಾಜು: ಏರಿಳಿತದ ರಸ್ತೆಯಲ್ಲಿ 16–18, ಮೈಸೂರು ಕಡೆ 80ರಲ್ಲಿ ಹೋದರೆ 17–19, 100 ದಾಟಿಸಿದರೆ ಅದಕ್ಕಿಂತ ಕಡಿಮೆ. ಡ್ಯಾಶ್‌ಬೋರ್ಡ್ ತೋರಿಸುವುದನ್ನು ನಂಬಬೇಡಿ. ಒಂದೇ ಬಂಕ್, ಮೊದಲ ಆಟೋ ಕಟ್‌ಗೆ ನಿಲ್ಲಿಸಿ, ಸತತ ಮೂರು ಟ್ಯಾಂಕಿನ ಲೀಟರ್ ಕೂಡಿಸಿ ಕಿ.ಮೀ. ಭಾಗಿಸಿ.

---

ಸಿದ್ದಾಪುರ_ತೋಟ

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಬ್ಯಾಟರಿ ತುಂಬಿದ ಮೇಲೆ ಘಾಟಿಯಲ್ಲಿ ಬ್ರೇಕ್ ಗತಿ ಏನು? ಹಿಂದೆ ಅಪ್ಪ, ಅಮ್ಮ ಕೂತಿರ್ತಾರೆ, ನನಗೆ ಅದೇ ಚಿಂತೆ.

---

ಬ್ರೇಕ್_ಶೂ

ಹೆದರುವ ಹಾಗೇನೂ ಇಲ್ಲ, ಆದರೆ ಕ್ರಮ ಗೊತ್ತಿರಬೇಕು.

ಈ ಗಾಡಿಗಳಲ್ಲಿ ಪೆಡಲ್ ಒತ್ತಿದಾಗ ಮೊದಲು ಮೋಟಾರ್ ಜನರೇಟರ್ ಆಗಿ ಗಾಡಿ ಹಿಡಿಯುತ್ತೆ, ಸಾಲದಿದ್ದಷ್ಟನ್ನು ಮಾತ್ರ ಡಿಸ್ಕ್ ಬ್ರೇಕ್ ಹಿಡಿಯುತ್ತೆ. ಬ್ಯಾಟರಿ ತುಂಬಿದರೆ ಮೋಟಾರಿನ ಪಾಲು ಕಡಿಮೆಯಾಗಿ ಡಿಸ್ಕಿನ ಪಾಲು ಜಾಸ್ತಿಯಾಗುತ್ತೆ. ಕಾಲಿಗೆ ವ್ಯತ್ಯಾಸ ಗೊತ್ತಾಗದ ಹಾಗೆ ಕಂಪ್ಯೂಟರ್ ಹೊಂದಿಸುತ್ತೆ, ಆದ್ದರಿಂದಲೇ ಡ್ರೈವರ್‌ಗೆ ಎಚ್ಚರಿಕೆ ಸಿಗುವುದಿಲ್ಲ. ಮದೆನಾಡಿನಿಂದ ಕೆಳಗೆ ಬರೀ ಪೆಡಲ್ ಮೇಲೆ ಇಳಿಸಿದರೆ ಪ್ಯಾಡ್ ಕಾದು, ಸುಟ್ಟ ವಾಸನೆ ಬಂದು, ಹಿಡಿತ ಇಳಿಯುತ್ತೆ.

ಅದಕ್ಕೇ 'ಬಿ' ಅನ್ನುವ ಎಂಜಿನ್ ಬ್ರೇಕ್ ಸ್ಥಾನ ಇರುವುದು. ಕೆಲವು ಮಾಡೆಲ್‌ಗಳಲ್ಲಿ ಲಿವರಿನಲ್ಲೇ 'ಬಿ', ಕೆಲವದರಲ್ಲಿ 'ಎಸ್' ಮತ್ತು ಸ್ಟೇರಿಂಗ್ ಹಿಂದಿನ ಪ್ಯಾಡಲ್. ಕೆಲಸ ಹೆಚ್ಚುಕಡಿಮೆ ಒಂದೇ. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ, ಚಕ್ರದಿಂದ ಬಂದ ಕರೆಂಟನ್ನು ಇನ್ನೊಂದು ಮೋಟಾರಿಗೆ ಕೊಟ್ಟು ಅದರಿಂದ ಎಂಜಿನ್ ತಿರುಗಿಸುತ್ತೆ. ಎಂಜಿನ್‌ಗೆ ಪೆಟ್ರೋಲ್ ಹೋಗುವುದಿಲ್ಲ, ಸುಮ್ಮನೆ ಗಾಳಿ ಒತ್ತುವ ಪಂಪಿನ ಹಾಗೆ ತಿರುಗಿ ಶಕ್ತಿ ತಿನ್ನುತ್ತೆ. ಇಳಿಜಾರಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಗುಂಯ್ ಅಂತ ಕೂಗಿದರೆ ಅದು ಇದೇ. ಕೆಟ್ಟಿದೆ ಅಂತ ವರ್ಕ್‌ಶಾಪಿಗೆ ಓಡಬೇಡಿ.

ಮಡಿಕೇರಿ ಬಿಟ್ಟ ಕೂಡಲೇ 'ಬಿ' ಹಾಕುವುದು ಬೇಡ. ಬ್ಯಾಟರಿ ತುಂಬುವ ತನಕ 'ಡಿ'ಯಲ್ಲಿ ಪೆಡಲ್ ಮೆತ್ತಗೆ, ಸ್ವಲ್ಪ ಉದ್ದಕ್ಕೆ ಒತ್ತಿ. ಮೀಟರಿನ ಸೂಜಿ ಚಾರ್ಜ್ ಪಟ್ಟಿಯೊಳಗೆ ಇರುವಷ್ಟೇ ಒತ್ತಿದರೆ ಡಿಸ್ಕ್ ಹತ್ತಿರ ಹತ್ತಿರ ಮುಟ್ಟುವುದೇ ಇಲ್ಲ. ಬ್ಯಾಟರಿ ಪಟ್ಟಿ ಮೇಲಿನಿಂದ ಎರಡನೆಯ ಗೆರೆಗೆ ಬಂದಾಗ 'ಬಿ'ಗೆ ಹಾಕಿ, ಕೆಳಗೆ ಸಮ ರಸ್ತೆ ಸಿಗುವ ತನಕ ಬಿಡಬೇಡಿ. ಸಮ ರಸ್ತೆಯಲ್ಲಿ 'ಬಿ' ಇಟ್ಟುಕೊಂಡು ಓಡಿಸಿದರೆ ಮೈಲೇಜ್ ಹೋಗುತ್ತೆ.

ನ್ಯೂಟ್ರಲ್ ಹಾಕಿ ಇಳಿಸುವ ಅಭ್ಯಾಸ ಇದ್ದರೆ ದಯವಿಟ್ಟು ಇಂದೇ ಬಿಡಿ. ಹೈಬ್ರಿಡ್‌ನಲ್ಲಿ ನ್ಯೂಟ್ರಲ್ ಅಂದರೆ ಎರಡೂ ಮೋಟಾರು ಬಂದ್, ಒಂದು ಹನಿ ಚಾರ್ಜ್ ಕೂಡ ಆಗಲ್ಲ, ತೂಕವೆಲ್ಲ ಡಿಸ್ಕಿನ ಮೇಲೆ.

ಇನ್ನೊಂದು. ಪ್ಯಾಡ್ ಸವೆಯುವುದು ಕಡಿಮೆ ಅಂತ ಬ್ರೇಕ್ ಬಿಚ್ಚದೇ ಬಿಡುತ್ತಾರೆ. ನಮ್ಮ ಮಳೆಯಲ್ಲಿ ಅದು ತಪ್ಪು. ಡಿಸ್ಕ್ ಕೆಲಸ ಮಾಡದೇ ಇದ್ದಷ್ಟೂ ತುಕ್ಕು ಕೂರುತ್ತೆ, ಕ್ಯಾಲಿಪರಿನ ಸ್ಲೈಡ್ ಪಿನ್ ಒಳಗೇ ಕಚ್ಚಿಕೊಳ್ಳುತ್ತೆ, ಆಮೇಲೆ ಒಂದು ಕಡೆಯ ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಕಡೆಯದು ಹೊಸದರ ಹಾಗೆ ಇರುತ್ತೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ, ನಾಲ್ಕೂ ಚಕ್ರ ಬಿಚ್ಚಿಸಿ ಪಿನ್ ತೊಳೆದು ಬ್ರೇಕ್ ಗ್ರೀಸ್ ಹಾಕಿಸಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಬೂಟ್ ಉಬ್ಬುತ್ತೆ.

---

ಕಾಳುಮೆಣಸು

ಅಣ್ಣ, ಎಲ್ಲರೂ ಘಾಟಿ ಬಗ್ಗೆ ಹೇಳಿದರು. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಕೊನೆಯ 40 ಮೀಟರ್ ರಿವರ್ಸ್. ಹೈಬ್ರಿಡ್‌ನ ನಿಜವಾದ ಬಲಹೀನ ಜಾಗ ಅದು, ಶೋರೂಮಿನಲ್ಲಿ ಯಾರೂ ಹೇಳಲ್ಲ.

ಒಳಗಿನ ಜೋಡಣೆ ತಿಳಿದರೆ ಕಾರಣ ತಾನೇ ಗೊತ್ತಾಗುತ್ತೆ. ಇದರಲ್ಲಿ ಮಾಮೂಲಿ ಗೇರ್‌ಬಾಕ್ಸ್ ಇಲ್ಲ, ಕ್ಲಚ್ ಇಲ್ಲ, ಬೆಲ್ಟಿನ ಸಿವಿಟಿಯೂ ಅಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್. ನಡುವಿನ ಸನ್ ಗೇರಿಗೆ ಚಿಕ್ಕ ಮೋಟಾರ್, ಸುತ್ತ ತಿರುಗುವ ಪ್ಲಾನೆಟ್‌ಗಳ ಕ್ಯಾರಿಯರ್‌ಗೆ ಎಂಜಿನ್, ಹೊರಗಿನ ರಿಂಗ್ ಗೇರಿನಿಂದ ಚಕ್ರಕ್ಕೆ ದಾರಿ, ದೊಡ್ಡ ಮೋಟಾರ್ ಕೂಡ ಆ ಚಕ್ರದ ಕಡೆಗೇ ಸೇರುತ್ತೆ. ಚಿಕ್ಕ ಮೋಟಾರಿನ ವೇಗ ಏರಿಳಿಸಿದರೆ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಅನುಪಾತ ಬದಲಾಗುತ್ತೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಓಡುವ ಮುಂಚೆ ಸದ್ದು ಏರುವುದು ಅದಕ್ಕೇ.

ಈ ಜೋಡಣೆಯಲ್ಲಿ ರಿವರ್ಸ್ ಗೇರ್ ಅನ್ನುವ ಗೇರೇ ಇಲ್ಲ. ದೊಡ್ಡ ಮೋಟಾರ್ ಉಲ್ಟಾ ತಿರುಗುತ್ತೆ, ಅಷ್ಟೇ. ಮುಂದಕ್ಕೆ ಹತ್ತುವಾಗ ಎಂಜಿನ್ನೂ ಮೋಟಾರೂ ಕೈ ಜೋಡಿಸುತ್ತವೆ. ಹಿಂದಕ್ಕೆ ಹತ್ತುವಾಗ ಮೋಟಾರ್ ಒಂದೇ, ಹೈಕ್ರಾಸ್‌ನಲ್ಲಿ 206 ನ್ಯೂಟನ್ ಮೀಟರ್. ಬ್ಯಾಟರಿ ಇಳಿದಿದ್ದರೆ ಕಷ್ಟ ಇನ್ನೂ ಹೆಚ್ಚು. ಕರೆಂಟ್ ಮಾಡಲು ಎಂಜಿನ್ ಸ್ಟಾರ್ಟ್ ಆಗುತ್ತೆ, ಆದರೆ ಎಂಜಿನ್ ಕರೆಂಟ್ ಮಾಡುವಾಗ ಅದರ ಒತ್ತಡದ ದೊಡ್ಡ ಪಾಲು ರಿಂಗ್ ಗೇರಿಗೆ ಮುಂದಕ್ಕೇ ಬೀಳುತ್ತೆ. ಮೋಟಾರ್ ಹಿಂದಕ್ಕೆ ಎಳೆಯುತ್ತೆ, ಎಂಜಿನ್ ಮುಂದಕ್ಕೆ ತಳ್ಳುತ್ತೆ. ಉಳಿದ ಬಲ ಮಾತ್ರ ಚಕ್ರಕ್ಕೆ. ಆರು ಜನ, ಹಿಂದೆ ಮೂಟೆ, ಚೂಪು ಏರು ಸೇರಿದರೆ ಗಾಡಿ ನಿಂತಲ್ಲೇ ನಿಲ್ಲಬಹುದು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹಿಡಿದರೆ ತಿರುಗದ ಮೋಟಾರಿನ ಒಂದೇ ಸುರುಳಿಗೆ ಕರೆಂಟ್ ಹರಿದು ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಬಿಸಿಯಾಗುತ್ತೆ, ಆಮೇಲೆ ಕಂಪ್ಯೂಟರೇ ಬಲ ಕಡಿತ ಮಾಡುತ್ತೆ.

ಜೊತೆಗೆ ಇದು ಮುಂದಿನ ಚಕ್ರ ಎಳೆಯುವ ಗಾಡಿ. ಮುಂದಕ್ಕೆ ಹತ್ತುವಾಗ ತೂಕ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ಹೋಗುತ್ತೆ. ರಿವರ್ಸ್‌ನಲ್ಲಿ ಹತ್ತುವಾಗ ಮುಂದಿನ ಚಕ್ರ ಕೆಳಗಿರುವುದರಿಂದ ಹಿಡಿತದ ಮಟ್ಟಿಗೆ ಒಳ್ಳೆಯದೇ. ಹಿಡಿತ ಇದೆ, ಬಲ ಕಡಿಮೆ. ಮುಂದಕ್ಕೆ ಹೋದರೆ ಬಲ ಇದೆ, ಹಿಡಿತ ಕಡಿಮೆ. ಜೂನ್ ಜುಲೈನ ಕೆಸರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಏರು ಎಷ್ಟಿದೆ ಅಂತ ಮೊದಲು ಅಳೆಯಿರಿ. ಮೇಸ್ತ್ರಿಗಳ ನೀರಿನ ಟ್ಯೂಬ್ ಲೆವೆಲ್ ಸಾಕು. 10 ಮೀಟರ್ ಅಡ್ಡಕ್ಕೆ ಒಂದೂವರೆ ಮೀಟರ್ ಏರಿದರೆ ಅದು 15 ಪರ್ಸೆಂಟ್. ಅಷ್ಟರೊಳಗಿದ್ದರೆ ಯೋಚನೆ ಮಾಡಬಹುದು. ಎರಡು ಮೀಟರ್ ಏರಿದರೆ, ಅಂದರೆ 20 ಪರ್ಸೆಂಟ್ ಇದ್ದರೆ, ನನ್ನ ಪ್ರಕಾರ ಮೇಲೆ ಗಾಡಿ ತಿರುಗಿಸಲು ಜಾಗ ಮಾಡದೇ ಹೈಬ್ರಿಡ್ ತರಬಾರದು. ವೀಲ್‌ಬೇಸ್ 2,850 ಮಿ.ಮೀ. ಇದೆ, ಏರು ಮುಗಿದು ಅಂಗಳ ಶುರುವಾಗುವ ದಿಬ್ಬದಲ್ಲಿ ಹೊಟ್ಟೆ ತಾಗದ ಹಾಗೆ ಆ ಅಂಚನ್ನೂ ಸ್ವಲ್ಪ ಕಡಿಸಬೇಕಾಗಬಹುದು.

ನಾಲ್ಕು ಚಕ್ರದ ಎಳೆತ ಬೇಕು ಅಂತ ಗ್ರ್ಯಾಂಡ್ ವಿಟಾರಾ, ಹೈರೈಡರ್ ನೋಡುವವರಿಗೂ ಒಂದು ಮಾತು: ಅವುಗಳಲ್ಲಿ ಸ್ಟ್ರಾಂಗ್ ಹೈಬ್ರಿಡ್ ಬೇರೆ, ಫೋರ್ ವೀಲ್ ಬೇರೆ. ಸ್ಟ್ರಾಂಗ್ ಹೈಬ್ರಿಡ್ 1.5 ಲೀಟರ್ ಮೂರು ಸಿಲಿಂಡರ್, ಮುಂದಿನ ಚಕ್ರ ಮಾತ್ರ. ಫೋರ್ ವೀಲ್ ಇರುವುದು ಮೈಲ್ಡ್ ಹೈಬ್ರಿಡ್‌ನಲ್ಲಿ, ಅದರ ಪುಟ್ಟ ಮೋಟಾರ್ ಗಾಡಿಯನ್ನು ಒಂಟಿಯಾಗಿ ಓಡಿಸಲ್ಲ.

---

ವರ್ಕ್‌ಶಾಪ್_ಕುಶಾಲನಗರ

ಮಳೆಗಾಲದಲ್ಲಿ ನಿಲ್ಲಿಸುವ ಬಗ್ಗೆ ಬರೆಯುತ್ತೇನೆ.

ಹೈಬ್ರಿಡ್ ರಸ್ತೆಯಲ್ಲಿ ನಿಂತಿತು ಅಂತ ಬರುವ ಕರೆಗಳಲ್ಲಿ ದೊಡ್ಡ ಬ್ಯಾಟರಿ ಕಾರಣವಾಗಿರುವುದು ಅಪರೂಪ. ಕೈ ಕೊಡುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಗಾಡಿಯ ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯ ರಿಲೇ ಸೇರಿಸುವುದು ಅದರ ಕೆಲಸ. ಅದು ಸತ್ತರೆ ದೊಡ್ಡದರಲ್ಲಿ ಎಷ್ಟು ಚಾರ್ಜ್ ಇದ್ದರೂ ಗಾಡಿ ಏಳಲ್ಲ. ಎರಡು ಮೂರು ವಾರ ನಿಲ್ಲಿಸುವುದಿದ್ದರೆ ವಾರಕ್ಕೊಮ್ಮೆ ಬ್ರೇಕ್ ಒತ್ತಿ 'ರೆಡಿ' ದೀಪ ಬರಿಸಿ, 'ಪಿ'ಯಲ್ಲೇ ಅರ್ಧ ಗಂಟೆ ಬಿಡಿ, ಶೆಡ್ ಬಾಗಿಲು ತೆರೆದಿರಲಿ. ಬರೀ ಬಟನ್ ಒತ್ತಿ ರೇಡಿಯೋ ಹಾಕಿದರೆ ಚಾರ್ಜ್ ಆಗಲ್ಲ, ಉಲ್ಟಾ ಇಳಿಯುತ್ತೆ. ರೆಡಿಯಲ್ಲಿಟ್ಟು 'ಎನ್'ಗೆ ಹಾಕಿದರೂ ದೊಡ್ಡ ಬ್ಯಾಟರಿಗೆ ಚಾರ್ಜ್ ಇಲ್ಲ.

ದೊಡ್ಡ ಬ್ಯಾಟರಿಗೆ ತಂಪು ಬೇಕು, ಅದು ಕ್ಯಾಬಿನ್ ಗಾಳಿಯನ್ನೇ ಫ್ಯಾನಿನಿಂದ ಎಳೆಯುತ್ತೆ. ಸೀಟಿನ ಹತ್ತಿರ ಜಾಲರಿಯ ಕಿಂಡಿ ಇರುತ್ತೆ, ನಿಮ್ಮ ಮಾಡೆಲ್‌ನಲ್ಲಿ ಎಲ್ಲಿ ಅಂತ ಮ್ಯಾನುಯಲ್‌ನಲ್ಲಿ ಚಿತ್ರ ಇದೆ. ತೋಟದ ಗಾಡಿಯಲ್ಲಿ ಆ ಕಿಂಡಿಗೆ ಏನೇನು ಬರುತ್ತೆ ನೋಡಿ: ಗೋಣಿಚೀಲದ ನಾರು, ಕಾಫಿ ಸಿಪ್ಪೆಯ ಧೂಳು, ನಾಯಿಯ ಕೂದಲು. ಅದು ಫಿಲ್ಟರಿನಲ್ಲಿ ಕಂಬಳಿಯ ಹಾಗೆ ಕೂರುತ್ತೆ. ಬ್ಯಾಟರಿ ಬಿಸಿಯಾಗುತ್ತೆ, ಫ್ಯಾನ್ ಜೋರಾಗಿ ಕೂಗುತ್ತೆ, ಮೋಟಾರಿನ ಪಾಲು ಕಡಿಮೆಯಾಗಿ ಮೈಲೇಜ್ ಇಳಿಯುತ್ತೆ, ಕೊನೆಗೆ ಎಚ್ಚರಿಕೆ ದೀಪ. ಕಾಫಿ ಕೊಯ್ಲು ಮುಗಿದ ಮೇಲೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಫಿಲ್ಟರ್ ತೆಗೆಸಿ ಊದಿಸಿ. ಕಿಂಡಿ ಮೇಲೆ ಚೀಲ, ಒದ್ದೆ ರೈನ್‌ಕೋಟ್ ಇಡಬೇಡಿ.

ತಿಂಗಳಿಗೆ ಅರ್ಧ ಓಡಾಟ ಹತ್ತಿರದ ಊರುಗಳಿಗೆ ಅಂದಿರಿ. ಮೂರು ನಾಲ್ಕು ಕಿ.ಮೀ. ಹೋಗಿ ನಿಲ್ಲಿಸುವುದು ಜಾಸ್ತಿ ಇದ್ದರೆ ಘಾಟಿ_ಲೆಕ್ಕ ಅವರು ಹೇಳಿದ 16 ಬರುವುದಿಲ್ಲ. ತಣ್ಣಗಿನ ಬೆಳಿಗ್ಗೆ ಎಂಜಿನ್ನೂ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರೂ ಬಿಸಿಯಾಗುವ ತನಕ ಎಂಜಿನ್ ಆಫ್ ಆಗಲ್ಲ. ಬಿಸಿಯಾಗುವಷ್ಟರಲ್ಲಿ ನೀವು ಅಂಗಡಿ ಮುಟ್ಟಿರುತ್ತೀರಿ. ನಾಲ್ಕು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿದರೆ ಒಂದು ಸಲ ಮಾತ್ರ ಬಿಸಿ ಮಾಡಬೇಕಾಗುತ್ತೆ. ಪದೇ ಪದೇ ತಣ್ಣಗೆ ಸ್ಟಾರ್ಟ್ ಆಗುವ ಎಂಜಿನ್ನಿನ ಆಯಿಲ್‌ಗೆ ಪೆಟ್ರೋಲ್ ಬೆರೆಯುತ್ತೆ, ಕಿ.ಮೀ. ಆಗದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಮ್ಯಾನುಯಲ್‌ನಲ್ಲಿ ಬರೆದ ತೆಳು ಗ್ರೇಡೇ ಹಾಕಿಸಿ. ದಪ್ಪ ಆಯಿಲ್ ಒಳ್ಳೆಯದು ಅನ್ನುವುದು ಹಳೇ ಜೀಪಿನ ಮಾತು.

ಇಲಿ ಕಾಟ ಇಲ್ಲಿ ಯಾರಿಗೂ ತಪ್ಪಿದ್ದಲ್ಲ. ಬಾನೆಟ್ ಎತ್ತಿದಾಗ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕಡಿದ ಗುರುತು ಕಂಡರೆ ಟೇಪ್ ಸುತ್ತಬೇಡಿ, ಮುಟ್ಟಲೇಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ. ತರಬೇತಿ ಇದ್ದವರು ಮಾತ್ರ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಇನ್ವರ್ಟರಿನ ಕೆಪಾಸಿಟರ್ ಖಾಲಿಯಾಗಲು 10 ನಿಮಿಷ ಕಾದು, ಆಮೇಲೆ ಕೈ ಹಾಕಬೇಕು.

ಕೆಸರಿನಲ್ಲಿ ಹೂತರೆ ಜೀಪಿನಿಂದ ನಾಲ್ಕು ಮೀಟರ್ ಎಳೆದು ಹೊರಗೆ ತೆಗೆಯುವುದಕ್ಕೆ ತೊಂದರೆ ಇಲ್ಲ, ಎಳೆಯುವ ಕೊಕ್ಕೆಗೆ ಹಗ್ಗ ಹಾಕಿ, ಗಾಡಿ ರೆಡಿಯಲ್ಲಿ, ಲಿವರ್ 'ಎನ್'ನಲ್ಲಿ. ಆದರೆ ಕೆಟ್ಟ ಗಾಡಿಯನ್ನು ಮುಂದಿನ ಚಕ್ರ ನೆಲದ ಮೇಲಿಟ್ಟು ಕುಶಾಲನಗರದ ತನಕ ಎಳೆದುಕೊಂಡು ಬರಬೇಡಿ. ಚಕ್ರ ತಿರುಗಿದರೆ ದೊಡ್ಡ ಮೋಟಾರೂ ತಿರುಗುತ್ತೆ, ಕರೆಂಟ್ ಹುಟ್ಟುತ್ತೆ. ಲಾರಿ ಮೇಲೆ ಹತ್ತಿಸಿಯೇ ತರಬೇಕು.

ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ನಿಮ್ಮ ಓಡಾಟಕ್ಕೆ ವರ್ಷ ಮೊದಲು ಮುಗಿಯುತ್ತೆ.

---

ಸಿದ್ದಾಪುರ_ತೋಟ

ಟ್ಯೂಬ್ ಲೆವೆಲ್ ಹಿಡಿದು ಅಳೆದಾಯ್ತು. 10 ಮೀಟರ್ ಅಡ್ಡಕ್ಕೆ 1.7 ಮೀಟರ್ ಏರು, ಅಂದರೆ 17 ಪರ್ಸೆಂಟ್. ಮೇಲೆ ಒಂದು ಸಿಲ್ವರ್ ಓಕ್ ತೆಗೆದರೆ ತಿರುಗಿಸುವಷ್ಟು ಜಾಗ ಆಗುತ್ತೆ. ಹಾಗೆ ಮಾಡಿದರೆ ಮುಂದಕ್ಕೆ ಹತ್ತಿಸಬಹುದು, ಆದರೆ ಕಾಳುಮೆಣಸು ಹೇಳಿದ ಹಿಡಿತದ ಸಮಸ್ಯೆ?

---

ಕಾಳುಮೆಣಸು

17ಕ್ಕೆ ಜಾಗ ಮಾಡುವುದೇ ಸರಿ, ಅಣ್ಣ. ಹಿಡಿತಕ್ಕೆ ಆ 40 ಮೀಟರ್ ಮಾತ್ರ ಎರಡು ಪಟ್ಟೆ ಕಾಂಕ್ರೀಟ್ ಹಾಕಿಸಿ, ಒಂದೊಂದು ಎರಡು ಅಡಿ ಅಗಲ, ಐದು ಇಂಚು ದಪ್ಪ. ನಡುವೆ ಹುಲ್ಲು ಬಿಡಿ, ನೀರು ಇಂಗುತ್ತೆ. ಮೇಲ್ಮೈ ನಯ ಮಾಡಿಸಬೇಡಿ, ಹಸಿ ಇರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಗೀರು ಎಳೆಸಿ, ಇಲ್ಲದಿದ್ದರೆ ಎರಡನೇ ಮಳೆಗೆ ಪಾಚಿ ಕಟ್ಟಿ ಮಣ್ಣಿಗಿಂತ ಹೆಚ್ಚು ಜಾರುತ್ತೆ. ಮೇಲಿನ ತುದಿಯಲ್ಲಿ ಅಡ್ಡ ಚರಂಡಿ ಬೇಕು, ಅಂಗಳದ ನೀರು ಪಟ್ಟೆ ಮೇಲೆ ಹರಿಯಬಾರದು.

ಅಡ್ವಾನ್ಸ್ ಕೊಡುವ ಮುಂಚೆ ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತರಿಸಿ. ಆರು ಜನ ಕೂರಿಸಿ. ಕೆಳಗೆ ಎಸಿ ಜೋರು ಮಾಡಿ, ಎಂಜಿನ್ ಆಫ್ ಇರುವಾಗಲೇ ಅಲ್ಲೇ ಹಿಂದೆ ಮುಂದೆ ಆಡಿಸಿ ಬ್ಯಾಟರಿ ಪಟ್ಟಿ ಎರಡು ಗೆರೆಗೆ ಇಳಿಸಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಬ್ರೇಕ್ ಹೋಲ್ಡ್ ಬಿಟ್ಟು ಮತ್ತೆ ಹೊರಡಿಸಿ, ಒಮ್ಮೆ ಮುಂದಕ್ಕೆ, ಒಮ್ಮೆ ರಿವರ್ಸ್‌ನಲ್ಲಿ. ತುಂಬಿದ ಬ್ಯಾಟರಿಯಲ್ಲಿ ಇಬ್ಬರೇ ಕೂತು ಹತ್ತಿಸಿದರೆ ಯಾವ ಹೈಬ್ರಿಡ್ಡೂ ಪಾಸಾಗುತ್ತೆ.